ಕೆಟ್ಟ ಸಾಲವನ್ನು ಒಪ್ಪಿಕೊಳ್ಳಲು ಏಳು ವರ್ಷ: ಎನ್‌ಪಿಎ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ವಸೂಲಾಗದ ಸಾಲ, ಅಂದರೆ ಎನ್‌ಪಿಎ, ಸ್ಪರ್ಧಾತ್ಮಕ ಪರೀಕ್ಷೆಯ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಒಂದು ವ್ಯಾಖ್ಯೆ, ಎರಡು ಸಮಿತಿಗಳ ಹೆಸರು, ನಾಲ್ಕು ಇಸವಿ. ಅಷ್ಟನ್ನು ಬಾಯಿಪಾಠ ಮಾಡಿದರೆ ಒಂದು ಅಂಕದ ಪ್ರಶ್ನೆಗೆ ಸಾಕು. ಆದರೆ ಪ್ರಬಂಧ ಬರೆಯಬೇಕಾದಾಗ, ಅಥವಾ ಸುಮ್ನೆ ಪೇಪರ್ ಓದಿ ಅರ್ಥ ಮಾಡಿಕೊಳ್ಳಬೇಕಾದಾಗ, ಅದು ಸಾಲುವುದಿಲ್ಲ. ಬಂಡವಾಳಶಾಹಿ ವ್ಯವಸ್ಥೆ ಎಲ್ಲಿ ಕೆಡುತ್ತದೆ, ನಿಯಂತ್ರಣ ಯಾಕೆ ಬೇಕು, ಸರ್ಕಾರಗಳು ಸತ್ಯ ಹೇಳಲು ಯಾಕೆ ಹಿಂಜರಿಯುತ್ತವೆ ಎಂಬ ಮೂರೂ ವಿಷಯ ಒಂದೇ ಕಡೆ ಸಿಗುವುದು ಇಲ್ಲಿ. ಹಾಗಾಗಿ 2008ರಿಂದ ಈಚಿನ ನಮ್ಮ ಬ್ಯಾಂಕುಗಳ ಕಥೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ನಿಯಮ ಏನು ಹೇಳುತ್ತದೆ

ಸಾಲದ ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ. ಈ 90 ದಿನದ ಲೆಕ್ಕ ಜಾರಿಗೆ ಬಂದದ್ದು 2004ರಲ್ಲಿ. ಬೆಳೆಸಾಲಕ್ಕೆ ಮಾತ್ರ ಬೆಳೆಯ ಹಂಗಾಮಿನ ಲೆಕ್ಕ.

ಅದಕ್ಕೂ ಹಿಂದಿನ ಸ್ಥಿತಿ ಗೊತ್ತಿದ್ದರೆ ನಿಯಮದ ಬೆಲೆ ತಿಳಿಯುತ್ತದೆ. 1991ರ ನರಸಿಂಹಂ ಸಮಿತಿಯ ವರದಿಗೆ ಮೊದಲು, ಬಡ್ಡಿ ಕೈಗೆ ಬಂದಿರಲಿ ಬಿಡಲಿ, ಬರಬೇಕಾದ ಬಡ್ಡಿಯನ್ನು ಬ್ಯಾಂಕುಗಳು ಆದಾಯ ಎಂದು ಬರೆದುಕೊಳ್ಳುವುದು ನಡೆದಿತ್ತು. ಸಮಿತಿಯ ಸಲಹೆಯಂತೆ 1992-93ರಿಂದ ಹೊಸ ಲೆಕ್ಕ ಶುರುವಾಯಿತು. ಆಗ ಹೊರಬಿದ್ದ ಅಂಕಿ ನೋಡಿ. 1993ರ ಮಾರ್ಚ್ ಕೊನೆಗೆ ಸರ್ಕಾರಿ ಬ್ಯಾಂಕುಗಳು ಕೊಟ್ಟ ಪ್ರತಿ 100 ರೂಪಾಯಿ ಸಾಲದಲ್ಲಿ ಸುಮಾರು 23 ರೂಪಾಯಿ ಕೆಟ್ಟಿತ್ತು. ಆ ಸಾಲ ಆ ವರ್ಷವೇ ಕೆಟ್ಟದ್ದಲ್ಲ. ಕೆಟ್ಟು ಎಷ್ಟೋ ವರ್ಷವಾಗಿತ್ತು, ಎಣಿಸಿದ್ದು ಮಾತ್ರ ಆಗ.

ಈ ಮಾತನ್ನು ಅಡಿಗೆರೆ ಹಾಕಿಟ್ಟುಕೊಳ್ಳಿ. ಮುಂದೆ 2015ರಲ್ಲಿ ಇದೇ ಮತ್ತೆ ನಡೆಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ಒಂದು ಕಂಪನಿಗೆ ಬ್ಯಾಂಕ್ 100 ಕೋಟಿ ಸಾಲ ಕೊಟ್ಟಿದೆ, ಬಡ್ಡಿ ವರ್ಷಕ್ಕೆ ಶೇ 12 ಅಂದುಕೊಳ್ಳಿ. ಕಂಪನಿ ಕಟ್ಟಲಾಗದೆ ನಿಂತಿತು. ಬ್ಯಾಂಕ್ ಇದನ್ನು ಎನ್‌ಪಿಎ ಎಂದು ಬರೆದರೆ ಎರಡು ಪೆಟ್ಟು. ಬಾರದ ಬಡ್ಡಿಯನ್ನು ಆದಾಯಕ್ಕೆ ಸೇರಿಸುವಂತಿಲ್ಲ. ಜೊತೆಗೆ ಮುಂದೆ ಆಗಬಹುದಾದ ನಷ್ಟಕ್ಕೆಂದು ಲಾಭದಿಂದ 15 ಕೋಟಿ ತೆಗೆದು ಎತ್ತಿಡಬೇಕು, ಇದಕ್ಕೆ ಪ್ರಾವಿಷನ್ ಎನ್ನುತ್ತಾರೆ. ವರ್ಷ ಕಳೆದಂತೆ ಈ ಮೊತ್ತ ಏರುತ್ತಲೇ ಹೋಗುತ್ತದೆ.

ಇನ್ನೊಂದು ದಾರಿಯೂ ಇದೆ. ಬ್ಯಾಂಕ್ ಅದೇ ಕಂಪನಿಗೆ ಇನ್ನೂ 12 ಕೋಟಿ ಸಾಲ ಕೊಡುತ್ತದೆ. ಕಂಪನಿ ಆ ದುಡ್ಡನ್ನೇ ಬಡ್ಡಿ ಎಂದು ವಾಪಸ್ ಕಟ್ಟುತ್ತದೆ. ಪುಸ್ತಕದಲ್ಲಿ ಸಾಲ ಚೆನ್ನಾಗಿಯೇ ಇದೆ, 12 ಕೋಟಿ ಆದಾಯವೂ ಬಂದಿದೆ. ಮೂರು ವರ್ಷ ಹೀಗೇ ಮಾಡಿದರೆ ಸಾಲ 112, ಆಮೇಲೆ 125.44, ಆಮೇಲೆ ಸುಮಾರು 140.5 ಕೋಟಿ. ಬ್ಯಾಂಕ್ ಮೂರು ವರ್ಷದಲ್ಲಿ 40 ಕೋಟಿ ಗಳಿಸಿದಂತೆ ತೋರಿಸಿದೆ. ನಿಜವಾಗಿ ಒಂದು ರೂಪಾಯಿಯೂ ಹೊರಗಿನಿಂದ ಬಂದಿಲ್ಲ. ಇದಕ್ಕೆ ಬ್ಯಾಂಕಿನವರು ಹೇಳುವ ಹೆಸರು ಎವರ್‌ಗ್ರೀನಿಂಗ್.

ಈಗ ಕೇಳಬೇಕಾದ ಪ್ರಶ್ನೆ: ಇದನ್ನು ನಿಲ್ಲಿಸಲು ಯಾರಿಗೆ ಮನಸ್ಸಿದೆ? ಕಂಪನಿಯ ಮಾಲೀಕನಿಗೆ ಇಲ್ಲ, ಕಂಪನಿ ಅವನ ಕೈಯಲ್ಲೇ ಉಳಿಯುತ್ತದೆ. ಬ್ಯಾಂಕಿನ ಮುಖ್ಯಸ್ಥರಿಗೆ ಇಲ್ಲ, ಅವರ ಅವಧಿ ಮುಗಿಯುವವರೆಗೆ ಲಾಭ ಕಾಣಬೇಕು. ಸರ್ಕಾರಕ್ಕೂ ಇಲ್ಲ, ಯಾಕೆಂದರೆ ನಷ್ಟ ಒಪ್ಪಿಕೊಂಡರೆ ಸರ್ಕಾರಿ ಬ್ಯಾಂಕಿಗೆ ಬಜೆಟ್‌ನಿಂದ ದುಡ್ಡು ಹಾಕಬೇಕು. ಠೇವಣಿ ಇಟ್ಟವರಿಗೆ ಇದು ಕಾಣುವುದೇ ಇಲ್ಲ. ಮಾರುಕಟ್ಟೆ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ ಎನ್ನುವವರು ಈ ಜಾಗದಲ್ಲಿ ಉತ್ತರ ಕೊಡಬೇಕು. ಲೆಕ್ಕವೇ ಸುಳ್ಳಾದರೆ ಮಾರುಕಟ್ಟೆಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ನಿಯಂತ್ರಕ ಮೊದಲು ಮಾಡಬೇಕಾದ ಕೆಲಸ ನಿಜವಾದ ಅಂಕಿಯನ್ನು ಹೊರಗೆ ತರಿಸುವುದು ಎಂದು ನಾನು ನಂಬುವುದು ಇದಕ್ಕೇ.

ಸಾಲ ಕೆಟ್ಟದ್ದು ಹೇಗೆ

2003ರಿಂದ 2008ರವರೆಗೆ ದೇಶ ಜೋರಾಗಿ ಬೆಳೆಯಿತು. ವಿದ್ಯುತ್, ಉಕ್ಕು, ರಸ್ತೆ, ಟೆಲಿಕಾಂ ಯೋಜನೆಗಳಿಗೆ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಆಮೇಲೆ ಒಂದರ ಮೇಲೊಂದು ತೊಂದರೆ. 2008ರ ಜಾಗತಿಕ ಬಿಕ್ಕಟ್ಟು. ಜಮೀನು, ಪರಿಸರ ಅನುಮತಿ ತಡವಾಗಿ ಯೋಜನೆಯ ಖರ್ಚು ಏರಿದ್ದು. 2012ರಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸ್ ರದ್ದು ಮಾಡಿತು, 2014ರಲ್ಲಿ 214 ಕಲ್ಲಿದ್ದಲು ಗಣಿ ಹಂಚಿಕೆಗಳನ್ನು ರದ್ದು ಮಾಡಿತು. ನಮ್ಮ ಬಳ್ಳಾರಿಯ ಗಣಿಗಾರಿಕೆಗೆ 2011ರ ಜುಲೈನಲ್ಲಿ ತಡೆ ಬಿತ್ತು, ಆಮೇಲೆ ಚಿತ್ರದುರ್ಗ, ತುಮಕೂರಿಗೂ. ಆಗ ಇಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರಿನ ಕೊರತೆಯಾಯಿತು.

ಇಲ್ಲಿ ಒಂದು ಎಚ್ಚರ. ಕೋರ್ಟು ತಡೆದದ್ದರಿಂದ ಸಾಲ ಕೆಟ್ಟಿತು ಎಂದು ಬರೆದು ಮುಗಿಸಬೇಡಿ. ಗಣಿ ಮತ್ತು ಸ್ಪೆಕ್ಟ್ರಂ ಹಂಚಿದ ರೀತಿಯೇ ತಪ್ಪಾಗಿತ್ತು. ಅಂಥ ಹಂಚಿಕೆಯನ್ನು ನಂಬಿ, ಪರಿಶೀಲಿಸದೆ ಸಾಲ ಕೊಟ್ಟದ್ದು ಬ್ಯಾಂಕುಗಳ ತಪ್ಪು. ಬಳ್ಳಾರಿಯಲ್ಲಿ ನಡೆದದ್ದೇನು ಎಂಬುದು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿಯಲ್ಲಿ ಇದೆ. ನಿಯಂತ್ರಣ ಇಲ್ಲದ್ದರಿಂದ ಆದ ನಷ್ಟವನ್ನು ನಿಯಂತ್ರಣದ ತಲೆಗೆ ಕಟ್ಟುವುದು ನ್ಯಾಯವಲ್ಲ.

ರಿಯಾಯಿತಿ ಅಭ್ಯಾಸವಾದಾಗ

2008ರ ಬಿಕ್ಕಟ್ಟಿನ ಹೊತ್ತಿಗೆ ರಿಸರ್ವ್ ಬ್ಯಾಂಕ್ ಒಂದು ರಿಯಾಯಿತಿ ಕೊಟ್ಟಿತು. ಕಷ್ಟದಲ್ಲಿರುವ ಸಾಲದ ಅವಧಿ, ಬಡ್ಡಿ ಬದಲಾಯಿಸಿ ಮರುಹೊಂದಾಣಿಕೆ ಮಾಡಿದರೆ ಅದನ್ನು ಎನ್‌ಪಿಎ ಎಂದು ಬರೆಯಬೇಕಿಲ್ಲ. ಆಗ ಅದು ಬೇಕಿತ್ತು. ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳೂ ಜಗತ್ತಿನ ತೊಂದರೆಯಿಂದ ಮುಳುಗುವ ಭಯ ಇತ್ತು. ಆದರೆ ಆರ್ಥಿಕತೆ ಚೇತರಿಸಿಕೊಂಡ ಮೇಲೂ ಆ ರಿಯಾಯಿತಿ ಮುಂದುವರಿಯಿತು. ಕೊನೆಗೆ ತೆಗೆದದ್ದು 2015ರ ಏಪ್ರಿಲ್‌ನಲ್ಲಿ. ತುರ್ತಿಗೆ ಕೊಟ್ಟ ಔಷಧಿ ದಿನದ ಊಟವಾಯಿತು ಎಂದು 2020-21ರ ಆರ್ಥಿಕ ಸಮೀಕ್ಷೆಯೇ ಹೇಳಿತು. 2011ರಲ್ಲೇ ನಿಲ್ಲಿಸಬೇಕಿತ್ತು ಎಂಬುದು ಅದರ ವಾದ.

ಆ ನಡುವಿನ ವರ್ಷಗಳಲ್ಲಿ ನಿಯಂತ್ರಕ ಇದ್ದ, ನಿಯಮವೂ ಇತ್ತು. ನಿಯಮವೇ ನಷ್ಟ ಮುಚ್ಚಿಡಲು ಅವಕಾಶ ಕೊಟ್ಟಿತ್ತು. ನಿಯಂತ್ರಣ ಜಾಸ್ತಿ ಬೇಕೋ ಕಡಿಮೆ ಬೇಕೋ ಎಂದು ಟಿವಿಯಲ್ಲಿ ನಡೆಯುವ ಚರ್ಚೆಯಲ್ಲಿ ಈ ಅಂಶ ಬರುವುದೇ ಇಲ್ಲ.

2015ರ ಪರಿಶೀಲನೆ

ರಘುರಾಂ ರಾಜನ್ ಗವರ್ನರ್ ಆಗಿದ್ದಾಗ, 2015ರ ದ್ವಿತೀಯಾರ್ಧದಲ್ಲಿ, ರಿಸರ್ವ್ ಬ್ಯಾಂಕ್ ಆಸ್ತಿ ಗುಣಮಟ್ಟ ಪರಿಶೀಲನೆ ನಡೆಸಿತು. ಎಕ್ಯೂಆರ್ ಎಂದರೆ ಇದೇ. ದೊಡ್ಡ ಸಾಲಗಾರರ ಖಾತೆಗಳನ್ನು ಎಲ್ಲ ಬ್ಯಾಂಕುಗಳಲ್ಲೂ ತೆಗೆದು ನೋಡಿದರು. ಒಂದೇ ಕಂಪನಿಯ ಸಾಲ ಒಂದು ಬ್ಯಾಂಕಿನಲ್ಲಿ ಕೆಟ್ಟದ್ದು, ಇನ್ನೊಂದರಲ್ಲಿ ಒಳ್ಳೆಯದು ಎಂದು ಇರುವುದನ್ನು ಒಪ್ಪಲಿಲ್ಲ.

ಸರ್ಕಾರಿ ಬ್ಯಾಂಕುಗಳ ಒಟ್ಟು ಎನ್‌ಪಿಎ 2015ರ ಮಾರ್ಚ್‌ನಲ್ಲಿ 2.79 ಲಕ್ಷ ಕೋಟಿ ಇತ್ತು. 2018ರ ಮಾರ್ಚ್‌ಗೆ 8.96 ಲಕ್ಷ ಕೋಟಿ. ಎಲ್ಲ ವಾಣಿಜ್ಯ ಬ್ಯಾಂಕುಗಳನ್ನು ಸೇರಿಸಿದರೆ ಕೊಟ್ಟ ಸಾಲದಲ್ಲಿ ಎನ್‌ಪಿಎ ಪಾಲು ಶೇ 11 ದಾಟಿತು. ಪೇಪರುಗಳಲ್ಲಿ ಬ್ಯಾಂಕುಗಳು ಕುಸಿಯುತ್ತಿವೆ ಎಂದೇ ಬಂತು. ಆದರೆ ಅಷ್ಟೂ ಸಾಲ ಆ ಮೂರು ವರ್ಷದಲ್ಲಿ ಕೆಟ್ಟದ್ದಲ್ಲ, ಅಲ್ವಾ? ಬಹುಪಾಲು ಹಳೆಯದು. ಸತ್ಯ ಹೇಳಿದ ವರ್ಷ ಅಂಕಿ ಭಯಂಕರವಾಗಿ ಕಾಣುತ್ತದೆ, ಮುಚ್ಚಿಟ್ಟ ವರ್ಷಗಳಲ್ಲಿ ಚೆನ್ನಾಗಿ ಕಾಣುತ್ತದೆ. ಎನ್‌ಪಿಎ ಗ್ರಾಫ್ ಓದುವಾಗ ಇದನ್ನು ಮರೆತರೆ ತಪ್ಪು ಜನರನ್ನು ಹೊಗಳುತ್ತೇವೆ, ತಪ್ಪು ಜನರನ್ನು ಬೈಯುತ್ತೇವೆ.

ಇದು ಸರ್ಕಾರಿ ಬ್ಯಾಂಕುಗಳ ರೋಗ ಮಾತ್ರ ಎಂದುಕೊಳ್ಳಬೇಡಿ. ಖಾಸಗಿ ವಲಯದ ಯೆಸ್ ಬ್ಯಾಂಕ್ 2015-16ಕ್ಕೆ ತೋರಿಸಿದ ಎನ್‌ಪಿಎ ಸುಮಾರು 749 ಕೋಟಿ. ರಿಸರ್ವ್ ಬ್ಯಾಂಕ್ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 4,926 ಕೋಟಿ. ಈ ವ್ಯತ್ಯಾಸಕ್ಕೆ ಡೈವರ್ಜೆನ್ಸ್ ಎನ್ನುತ್ತಾರೆ. ಅದು ದೊಡ್ಡದಿದ್ದರೆ ವಾರ್ಷಿಕ ವರದಿಯಲ್ಲಿ ಬ್ಯಾಂಕ್ ತಾನೇ ಪ್ರಕಟಿಸಬೇಕು ಎಂಬ ನಿಯಮ 2017ರಲ್ಲಿ ಬಂತು. ಸಣ್ಣ ನಿಯಮ, ಆದರೆ ನನ್ನ ಲೆಕ್ಕದಲ್ಲಿ ತುಂಬಾ ದೊಡ್ಡದು.

ಯಾರು ಏನು ಹೇಳಿದರು

ರಾಜಕೀಯದ ಭಾಗ ಓದುವಾಗ ನಿಜಕ್ಕೂ ಬೇಸರವಾಗುತ್ತದೆ. ಈಗಿನ ಆಡಳಿತ ಪಕ್ಷದವರು, ಹಿಂದಿನವರ ಕಾಲದಲ್ಲಿ ದೆಹಲಿಯಿಂದ ಫೋನ್ ಮಾಡಿ ಸಾಲ ಕೊಡಿಸುತ್ತಿದ್ದರು ಎಂದರು. ವಿರೋಧ ಪಕ್ಷದವರು, ಎನ್‌ಪಿಎ ಏರಿದ್ದೇ ನಿಮ್ಮ ಕಾಲದಲ್ಲಿ ಎಂದರು. 2018ರಲ್ಲಿ ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಸಂಸದೀಯ ಅಂದಾಜು ಸಮಿತಿಗೆ ರಾಜನ್ ಒಂದು ಟಿಪ್ಪಣಿ ಕೊಟ್ಟರು. ಕೆಟ್ಟ ಸಾಲಗಳಲ್ಲಿ ಬಹಳಷ್ಟು ಹುಟ್ಟಿದ್ದು 2006ರಿಂದ 2008ರ ನಡುವೆ ಎಂದು ಅದರಲ್ಲಿದೆ. ದೊಡ್ಡ ವಂಚನೆ ಪ್ರಕರಣಗಳ ಪಟ್ಟಿಯನ್ನು ಪ್ರಧಾನಿ ಕಚೇರಿಗೆ ಕಳಿಸಿದ್ದೆ ಎಂಬುದೂ ಅದರಲ್ಲಿದೆ. ಮೊದಲನೆಯದನ್ನು ಒಂದು ಪಕ್ಷ ಹಿಡಿದುಕೊಂಡಿತು, ಎರಡನೆಯದನ್ನು ಇನ್ನೊಂದು. ಪೂರ್ತಿ ಟಿಪ್ಪಣಿ ಓದಿ ಎಂದು ಯಾರೂ ಜನರಿಗೆ ಹೇಳಲಿಲ್ಲ.

ರೈಟ್ ಆಫ್ ವಿಷಯದಲ್ಲೂ ಹೀಗೇ. ರೈಟ್ ಆಫ್ ಎಂದರೆ ಸಾಲ ಮನ್ನಾ ಅಲ್ಲ. ಬ್ಯಾಂಕ್ ತನ್ನ ಲೆಕ್ಕದಿಂದ ತೆಗೆಯುತ್ತದೆ, ಸಾಲಗಾರನ ಮೇಲಿನ ಹಕ್ಕು ಉಳಿಯುತ್ತದೆ. ಮನ್ನಾ ಮಾಡಿದರು ಎಂದು ಭಾಷಣ ಮಾಡುವುದು ಸುಳ್ಳು. ಆದರೆ ಇನ್ನೊಂದು ಕಡೆಯವರ ಮಾತೂ ಅರ್ಧ ಸತ್ಯ. ಒಟ್ಟು ಎನ್‌ಪಿಎ 2024ರ ಮಾರ್ಚ್‌ನಲ್ಲಿ ಶೇ 2.8ಕ್ಕೆ ಇಳಿಯಿತು ಎಂದು ಹೇಳುವಾಗ, 2014-15ರಿಂದ ಹತ್ತು ವರ್ಷದಲ್ಲಿ 12 ಲಕ್ಷ ಕೋಟಿಗೂ ಜಾಸ್ತಿ ರೈಟ್ ಆಫ್ ಆಗಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಹೀಗೆ ತೆಗೆದ ಸಾಲದಲ್ಲಿ ವಸೂಲಾದದ್ದು ಸ್ವಲ್ಪ ಭಾಗ ಮಾತ್ರ.

ಬಿಲ್ ಕಟ್ಟಿದವರು ಯಾರು

ಬ್ಯಾಂಕುಗಳಿಗೆ ಬಂಡವಾಳ ತುಂಬಲು 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿಯ ಯೋಜನೆ ಪ್ರಕಟವಾಯಿತು. 2016-17ರಿಂದ ಐದು ವರ್ಷದಲ್ಲಿ ಸರ್ಕಾರ ಹಾಕಿದ್ದು 3 ಲಕ್ಷ ಕೋಟಿಗೂ ಮೇಲೆ. ಅದು ತೆರಿಗೆ ಕಟ್ಟುವವರ ದುಡ್ಡು. ಲಾಭ ಬಂದಾಗ ಮಾಲೀಕರದ್ದು, ನಷ್ಟ ಬಂದಾಗ ಎಲ್ಲರದ್ದು ಎಂದಾದರೆ ಅದನ್ನು ಬಂಡವಾಳಶಾಹಿ ಎಂದು ಕರೆಯುವುದೂ ಕಷ್ಟ. ಅಪಾಯ ತೆಗೆದುಕೊಂಡವನೇ ನಷ್ಟವನ್ನೂ ಹೊರಬೇಕು ಎಂಬುದು ಅದರ ಮೂಲ ಕರಾರು.

2015-16ರ ಆರ್ಥಿಕ ಸಮೀಕ್ಷೆ ಇದನ್ನು ಚಕ್ರವ್ಯೂಹ ಎಂದು ಕರೆಯಿತು. ಭಾರತದ ಉದ್ಯಮಕ್ಕೆ ಒಳಗೆ ಹೋಗಲು ದಾರಿ ತೆರೆಯಿತು, ಹೊರಗೆ ಬರಲು ದಾರಿ ಇಲ್ಲ ಎಂದು ಅದರ ಅರ್ಥ. ಆ ದಾರಿ ಮಾಡಲು ಬಂದದ್ದು 2016ರ ದಿವಾಳಿ ಸಂಹಿತೆ, ಐಬಿಸಿ. ಸಾಲ ಕಟ್ಟದಿದ್ದರೆ ಕಂಪನಿ ಕೈತಪ್ಪುತ್ತದೆ ಎಂಬ ಭಯ ಮೊದಲ ಸಲ ದೊಡ್ಡ ಮಾಲೀಕರಿಗೆ ಹುಟ್ಟಿತು. ಭೂಷಣ್ ಸ್ಟೀಲ್ 2018ರಲ್ಲಿ ಟಾಟಾ ಸ್ಟೀಲ್ ಪಾಲಾಯಿತು, ಎಸ್ಸಾರ್ ಸ್ಟೀಲ್ 2019ರಲ್ಲಿ ಆರ್ಸೆಲರ್ ಮಿತ್ತಲ್ ಪಾಲಾಯಿತು. ಎಸ್ಸಾರ್ ಪ್ರಕರಣ ಮುಗಿಯಲು ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಕಾನೂನಿನ ಗಡುವಿಗೂ ನಿಜವಾದ ಸಮಯಕ್ಕೂ ಇರುವ ಅಂತರ ಇವತ್ತಿಗೂ ಇದರ ದೊಡ್ಡ ದೌರ್ಬಲ್ಯ.

ಕರಾವಳಿಯ ಓದುಗರಿಗೆ ಇದೆಲ್ಲ ದೂರದ ವಿಷಯ ಅಲ್ಲ. ಒಂದೇ ಪುಟ್ಟ ಪ್ರದೇಶದಲ್ಲಿ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಹುಟ್ಟಿದವು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ದಿನ ಯೂನಿಯನ್ ಬ್ಯಾಂಕಿಗೆ. ದುರ್ಬಲ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕ್ ಹಾಕುವ ನಿರ್ಬಂಧ ವಿಜಯಾ ಬ್ಯಾಂಕಿನ ಮೇಲೆ ಇರಲಿಲ್ಲ. ಅದೇ ವಿಲೀನದಲ್ಲಿ ಸೇರಿದ ದೇನಾ ಬ್ಯಾಂಕಿನ ಮೇಲೆ ಇತ್ತು. ಚೆನ್ನಾಗಿದ್ದ ಬ್ಯಾಂಕಿನ ಹೆಸರು ಯಾಕೆ ಹೋಗಬೇಕು ಎಂದು ಇಲ್ಲಿನವರು ಕೇಳಿದ್ದರಲ್ಲಿ ತಪ್ಪಿಲ್ಲ.

ಒಂದು ಗಟ್ಟಿ ಆಕ್ಷೇಪ

ಸತ್ಯ ಹೇಳಿದರೆ ಸಾಕೇ? ಇಲ್ಲ. ಎಕ್ಯೂಆರ್ ಆದ ತಕ್ಷಣ ಬ್ಯಾಂಕುಗಳಿಗೆ ಬಂಡವಾಳ ಸಿಗಲಿಲ್ಲ. ಪರಿಶೀಲನೆ 2015ರಲ್ಲಿ, ದೊಡ್ಡ ಪ್ಯಾಕೇಜ್ 2017ರಲ್ಲಿ. ಆ ನಡುವೆ ಬ್ಯಾಂಕುಗಳು ಹೆದರಿ ಸಾಲ ಕೊಡುವುದನ್ನೇ ಬಿಟ್ಟವು. 2016-17ರಲ್ಲಿ ಕೈಗಾರಿಕೆಗಳಿಗೆ ಕೊಟ್ಟ ಸಾಲ ಬೆಳೆಯುವ ಬದಲು ಕುಗ್ಗಿತು. ಕೆಲಸ ಹುಡುಕುತ್ತಿದ್ದವರು ಇದರ ಪೆಟ್ಟು ತಿಂದರು. ನನ್ನ ಅಭಿಪ್ರಾಯದಲ್ಲಿ ಇದು ಸತ್ಯ ಹೇಳಿದ್ದರ ದೋಷವಲ್ಲ, ಹೇಳಿದ ಮೇಲೆ ಎರಡು ವರ್ಷ ತಡ ಮಾಡಿದ್ದರ ದೋಷ. ನೀವು ಒಪ್ಪದೆಯೂ ಇರಬಹುದು. ಪರೀಕ್ಷೆಯಲ್ಲಿ ಎರಡೂ ಬದಿ ಬರೆಯಿರಿ.

ಸಣ್ಣ ಸಾಲಗಾರರ ಕಡೆಯಿಂದ ನೋಡಿದರೆ

ಎವರ್‌ಗ್ರೀನಿಂಗ್ ಮನೆಮನೆಯಲ್ಲೂ ನಡೆಯುತ್ತದೆ. ಒಂದು ಮೈಕ್ರೋಫೈನಾನ್ಸ್ ಸಂಘದ ವಾರದ ಕಂತು ಕಟ್ಟಲು ಇನ್ನೊಂದರಿಂದ ಸಾಲ, ಅದನ್ನು ತೀರಿಸಲು ಮೂರನೆಯದು. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಆದಾಯ ಎಷ್ಟೆಂದು ಬರೆದುಕೊಳ್ಳುವುದು ಸಾಲ ಕೊಡುವವರೇ. ನಮ್ಮ ರಾಜ್ಯದಲ್ಲಿ ವಸೂಲಿ ಕಿರುಕುಳಕ್ಕೆ ಜೀವಗಳೇ ಹೋದ ಮೇಲೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು. ಅದು ಬೇಕಿತ್ತು. ಆದರೆ ಒಂದೇ ಮನೆಗೆ ಮೂರು ನಾಲ್ಕು ಸಾಲ ಹೇಗೆ ಸಿಕ್ಕಿತು, ಆ ಮನೆಯ ಆದಾಯ ಯಾಕೆ ಸಾಲದಾಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಇನ್ನೊಂದು ವಿಷಯ ಓದಿದಾಗ ನನಗೆ ಸಿಟ್ಟೇ ಬಂತು. ಐಬಿಸಿಯಲ್ಲಿ ಬಡವರಿಗಾಗಿ ‘ಫ್ರೆಶ್ ಸ್ಟಾರ್ಟ್’ ಎಂಬ ಅಧ್ಯಾಯವೇ ಇದೆ. ವರ್ಷದ ಆದಾಯ 60,000 ರೂಪಾಯಿ ಮೀರದ, ಆಸ್ತಿ 20,000 ಮೀರದ, ಸ್ವಂತ ಮನೆ ಇಲ್ಲದ ವ್ಯಕ್ತಿಗೆ 35,000ದವರೆಗಿನ ಸಾಲದಿಂದ ಕಾನೂನಿನ ಮೂಲಕ ಬಿಡುಗಡೆ. ಕಂಪನಿಗಳ ದಿವಾಳಿ ಭಾಗ 2016ರ ಡಿಸೆಂಬರ್‌ನಲ್ಲೇ ಜಾರಿಗೆ ಬಂತು. ಕಂಪನಿ ಸಾಲಕ್ಕೆ ಜಾಮೀನು ನಿಂತವರ ಭಾಗ 2019ರಲ್ಲಿ ಬಂತು. ಬಡವರ ಈ ಅಧ್ಯಾಯ 2016ರಿಂದ ಪುಸ್ತಕದಲ್ಲಿ ಅಚ್ಚಾಗಿ ಹಾಗೇ ಉಳಿದಿದೆ, ಜಾರಿಯಾಗಿಲ್ಲ.