ಶಿಕ್ಷೆ ಮುಂದೂಡಿದ್ರು ಅಂದ್ರೆ ಬಿಟ್ಟುಬಿಟ್ರು ಅಂತಲ್ಲ

ಕೋರ್ಟ್ ಶಿಕ್ಷೆ ಮುಂದೂಡಿತು ಅನ್ನೋ ಸುದ್ದಿ ಬಂದ ತಕ್ಷಣ ಆರೋಪಿ ಬಚಾವಾದ ಅಂತ ಜನ ಅಂದ್ಕೋತಾರೆ, ಯಾಕಂದ್ರೆ ಮೂರು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ಸಾಕ್ಷಿ ಬರ್ಲಿಲ್ಲ, ವಕೀಲರು ಟೈಮ್ ಕೇಳಿದ್ರು ಅಂತ ಇನ್ನೊಂದು ಡೇಟ್ ಕೊಡೋದು ವಾಯಿದೆ, ಅಲ್ಲಿ ತಪ್ಪು ಮಾಡಿದಾನೋ ಇಲ್ವೋ ಅನ್ನೋದೇ ಇನ್ನೂ ತೀರ್ಮಾನ ಆಗಿರಲ್ಲ. ಶಿಕ್ಷೆ ಕೊಟ್ಟಾದ್ಮೇಲೆ ಅಪೀಲು ಮುಗಿಯೋವರೆಗೂ ಅದನ್ನ ಅಮಾನತಿನಲ್ಲಿಡೋದು ಎರಡನೇದು. ತಪ್ಪು ಸಾಬೀತಾದ್ರೂ ಶಿಕ್ಷೆ ಎಷ್ಟು ಅಂತ ಹೇಳದೆ, ಸ್ವಲ್ಪ ಕಾಲ ನಡತೆ ನೋಡೋಣ ಅನ್ನೋದು ಮೂರನೇದು. ಜನಕ್ಕೆ ಅರ್ಥ ಆಗದೇ ಇರೋದು ಈ ಮೂರನೇದೇ.

ಸಣ್ಣ ಕಳ್ಳತನಕ್ಕೂ ನೇಣು ಹಾಕ್ತಿದ್ದ ಕಾಲದ ಇಂಗ್ಲೆಂಡಲ್ಲೇ, ಕ್ಷಮಾದಾನ ಕೇಳೋಕೆ ಟೈಮ್ ಸಿಗ್ಲಿ ಅಂತ ಜಡ್ಜ್‌ಗಳು ಶಿಕ್ಷೆ ತಡೆದಿಡ್ತಿದ್ರು. ಆದ್ರೆ ಇದಕ್ಕೆ ಈಗಿನ ರೂಪ ಬಂದಿದ್ದು ಬಾಸ್ಟನ್‌ನಲ್ಲಿ, 1841ರ ಆಗಸ್ಟಲ್ಲಿ. ಜಾನ್ ಆಗಸ್ಟಸ್ ಅನ್ನೋ ಬೂಟು ಹೊಲಿಯೋ ಮನುಷ್ಯ ಪೊಲೀಸ್ ಕೋರ್ಟಲ್ಲಿದ್ದಾಗ, ಕುಡುಕ ಅನ್ನೋ ಕೇಸಲ್ಲಿ ಚಿಂದಿ ಬಟ್ಟೆಯ ಒಬ್ಬನನ್ನ ತಂದು ನಿಲ್ಸಿದ್ರು. ಆಗಸ್ಟಸ್ ಅವನನ್ನ ಮಾತಾಡ್ಸಿ, ತಾನೇ ಜಾಮೀನು ನಿಂತ್ರು, ಕೋರ್ಟ್ ಮೂರು ವಾರ ಬಿಟ್ಟು ಬಾ ಅಂತು. ಅಷ್ಟರಲ್ಲಿ ಅವನು ಕುಡಿಯಲ್ಲ ಅಂತ ಸಹಿ ಹಾಕಿ, ಗುರುತೇ ಸಿಗದಷ್ಟು ಬದಲಾಗಿ ಬಂದ, ಜಡ್ಜ್ ಹಾಕಿದ ದಂಡ ಒಂದೇ ಒಂದು ಸೆಂಟ್, ಕೋರ್ಟ್ ಖರ್ಚು ಬೇರೆ. 1858ರ ಹೊತ್ತಿಗೆ ಆಗಸ್ಟಸ್ ಹೀಗೆ 1,946 ಜನಕ್ಕೆ ಜಾಮೀನು ನಿಂತಿದ್ರು. ಜಾಮೀನು ನಿಲ್ಲೋ ಮೊದಲು ಅವರ ಹಿನ್ನೆಲೆ ವಿಚಾರಿಸ್ತಿದ್ರು, ಆಮೇಲೆ ಕೆಲಸ ಹುಡುಕಿಕೊಡ್ತಿದ್ರು. ಈ ಪದ್ಧತಿಯ ಜೀವ ಇರೋದೇ ಅಲ್ಲಿ.

1878ರಲ್ಲಿ ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್ ರಾಜ್ಯ ಇದಕ್ಕೆ ಕಾನೂನು ಮಾಡ್ತು. 1916ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾನೂನಿಲ್ಲದೆ ಫೆಡರಲ್ (ಅಂದ್ರೆ ಕೇಂದ್ರದ) ಜಡ್ಜ್‌ಗಳು ಶಿಕ್ಷೆನ ಅನಿರ್ದಿಷ್ಟವಾಗಿ ತಡೆಯೋ ಹಾಗಿಲ್ಲ ಅಂತು, 1925ರಲ್ಲಿ ಆ ಕಾನೂನೂ ಬಂತು. ಇಂಗ್ಲೆಂಡ್ 1972ರಲ್ಲಿ, ಅಪರಾಧಿ ಒಪ್ಪಿದ್ರೆ ಆರು ತಿಂಗಳವರೆಗೆ ಶಿಕ್ಷೆ ಮುಂದೂಡಬಹುದು ಅಂತ ಮಾಡ್ತು.

ಭಾರತದಲ್ಲಿ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 4ನೇ ಸೆಕ್ಷನ್ ಇದೆ. ಮರಣದಂಡನೆ, ಜೀವಾವಧಿ ಆಗಬಹುದಾದ ಅಪರಾಧ ಬಿಟ್ಟು ಉಳಿದವುಗಳಲ್ಲಿ ಕೋರ್ಟ್, ಕರೆದಾಗ ಬರ್ತೀನಿ, ನೆಟ್ಟಗಿರ್ತೀನಿ ಅಂತ ಬಾಂಡ್ ಬರೆಸಿಕೊಂಡು, ಮೂರು ವರ್ಷ ಮೀರದ ಅವಧಿಗೆ ಬಿಡಬಹುದು. ಹಾಗೆ ಬಿಟ್ಟವರನ್ನ ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿಡೋಕೂ ಅವಕಾಶ ಇದೆ. ಆ ಅಧಿಕಾರಿಗೆ ಒಬ್ಬೊಬ್ಬರನ್ನೂ ಕಂಡು ಮಾತಾಡೋ ಪುರುಸೊತ್ತಿಲ್ಲ ಅಂದ್ರೆ ಬಾಂಡ್ ಬರೀ ಕಾಗದ ಆಗತ್ತೆ, ನಂಗೆ ನಿಜವಾಗ್ಲೂ ಚಿಂತೆ ಇರೋದು ಇದರದ್ದೇ. ಇನ್ನು ಬಾಂಡ್ ಮುರಿದ್ರೆ ಅದೇ ಕೋರ್ಟು ಕರೆಸಿ, ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು.