ಆಕಾಶದಲ್ಲಿ ಢಿಕ್ಕಿ, ಹಡಗಿನಲ್ಲಿ ಲೆಕ್ಕ

2017ರ ಜೂನ್‌ನಲ್ಲಿ ಅಮೆರಿಕದವರು ಹವಾಯಿ ಬಳಿ ಒಂದು ಪರೀಕ್ಷೆ ನಡೆಸಿದರು. ಗುರಿಯಾಗಿ ಒಂದು ಬ್ಯಾಲಿಸ್ಟಿಕ್ ಕ್ಷಿಪಣಿ ಮೇಲೇರಿತು. ‘ಜಾನ್ ಪಾಲ್ ಜೋನ್ಸ್’ ಎಂಬ ಡೆಸ್ಟ್ರಾಯರ್ ಯುದ್ಧನೌಕೆ ಅದನ್ನು ರೇಡಾರಿನಲ್ಲಿ ಹಿಡಿದು, ಎಸ್‌ಎಂ-3 ಬ್ಲಾಕ್ 2ಎ ಇಂಟರ್‌ಸೆಪ್ಟರ್, ಅಂದರೆ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ತಡೆಯುವ ಕ್ಷಿಪಣಿ, ಹಾರಿಸಿತು. ಅಷ್ಟರಲ್ಲಿ ಹಡಗಿನೊಳಗೆ ಡೇಟಾಲಿಂಕ್ (ಮಾಹಿತಿ ಹಂಚಿಕೊಳ್ಳುವ ಜಾಲ) ನೋಡಿಕೊಳ್ಳುತ್ತಿದ್ದ ನಾವಿಕನೊಬ್ಬ ಆ ಗುರಿಗೆ ತಪ್ಪಿ ‘ನಮ್ಮವರದು’ ಎಂದು ಗುರುತು ಹಾಕಿಬಿಟ್ಟ. ನಮ್ಮವರನ್ನು ಹೊಡೆಯಬಾರದು ಅಲ್ವಾ? ಇಂಟರ್‌ಸೆಪ್ಟರ್ ದಾರಿಯಲ್ಲೇ ತನ್ನನ್ನು ತಾನು ಸಿಡಿಸಿಕೊಂಡಿತು.

ಹೊಸಬರಿಗೆ ಪಾಠ ಮಾಡುವಾಗ ನಾನು ಶುರು ಮಾಡುವುದೇ ಈ ಕತೆಯಿಂದ. ಎಲ್ಲರ ಕಣ್ಣೂ ಹೊಗೆ ಉಗುಳುತ್ತಾ ಏರುವ ರಾಕೆಟ್ ಮೇಲೆ. ಆದರೆ ಹಡಗಿನಿಂದ ಕ್ಷಿಪಣಿ ತಡೆಯುವ ಈ ಕೆಲಸದಲ್ಲಿ ರಾಕೆಟ್ ಬರುವುದು ಕೊನೆಗೆ. ಅದಕ್ಕೆ ಮುಂಚೆ ಕೆಲಸ ಕೆಡಲು ಎಷ್ಟೋ ಜಾಗಗಳಿವೆ.

ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ: “ಸಾರ್, ಎಸ್‌ಎಂ-3 ತಲೆಯಲ್ಲಿ ಎಷ್ಟು ಕೆ.ಜಿ. ಸ್ಫೋಟಕ ಇರುತ್ತೆ?” ಸೊನ್ನೆ. ಅದು ಹೋಗಿ ಗುದ್ದುತ್ತದೆ, ಅಷ್ಟೇ. ಎದುರುಬದುರಾಗಿ ಬರುವ ಎರಡು ವಸ್ತುಗಳ ನಡುವಿನ ವೇಗ ಸೆಕೆಂಡಿಗೆ 10 ಕಿ.ಮೀ. ಇದ್ದರೆ, ಒಂದೊಂದು ಕೆ.ಜಿ. ಲೋಹದಲ್ಲೂ ಸುಮಾರು 12 ಕೆ.ಜಿ. ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ ಇರುತ್ತದೆ. ಮತ್ತೆ ಮದ್ದು ತುಂಬಿ ಏನು ಪ್ರಯೋಜನ? ಸುಮ್ನೆ ಭಾರ. ಕಷ್ಟ ಇರುವುದು ಗುದ್ದುವುದರಲ್ಲಿ. ಆ ವೇಗದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೆ 10 ಮೀಟರ್ ತಪ್ಪಿದ ಹಾಗೆ.

ಹಡಗಿನ ಡೆಕ್ ಕೆಳಗೆ ನೆಟ್ಟಗೆ ನಿಲ್ಲಿಸಿದ ಗೂಡುಗಳಿರುತ್ತವೆ. ಇಂಟರ್‌ಸೆಪ್ಟರ್ ಹೊರಬೀಳುವುದು ಅಲ್ಲಿಂದ. ಮೂರು ಹಂತದ ರಾಕೆಟ್ ಒಂದಾದ ಮೇಲೊಂದು ಉರಿದು ಅದನ್ನು ವಾತಾವರಣದ ಆಚೆ ತಳ್ಳುತ್ತವೆ. ಮೂತಿಯ ಮುಚ್ಚಳ ಕಳಚುತ್ತದೆ. ಒಳಗಿಂದ ಒಂದು ಪುಟ್ಟ ಯಂತ್ರ ಆಚೆ ಬರುತ್ತದೆ. ಅದಕ್ಕೆ ಶಾಖ ನೋಡುವ ಇನ್‌ಫ್ರಾರೆಡ್ ಕಣ್ಣು, ಅಕ್ಕಪಕ್ಕ ಸರಿಯಲು ಸಣ್ಣ ಥ್ರಸ್ಟರ್‌ಗಳು. ಬಾಹ್ಯಾಕಾಶದ ಹಿನ್ನೆಲೆ ತಣ್ಣಗಿರುವುದರಿಂದ ಬೆಚ್ಚಗಿನ ಸಿಡಿತಲೆ ಎದ್ದು ಕಾಣುತ್ತದೆ. ಕೆಳಗೆ ಗಾಳಿಯೊಳಗೆ ಈ ಉಪಾಯ ನಡೆಯುವುದಿಲ್ಲ. ಹಾಗಾಗಿ ತೀರಾ ಎತ್ತರಕ್ಕೆ ಹೋಗದ, ಕಡಿಮೆ ದೂರದ ಕ್ಷಿಪಣಿಗಳು ಎಸ್‌ಎಂ-3ಗೆ ಸಿಗುವುದಿಲ್ಲ. ಕೊನೆಯ ಹಂತದಲ್ಲಿ, ಗಾಳಿಯೊಳಗೆ ಹೊಡೆಯಲು ಎಸ್‌ಎಂ-6 ಎಂಬ ಇನ್ನೊಂದು ಕ್ಷಿಪಣಿ ಇದೆ. ಅದರಲ್ಲಿ ಸ್ಫೋಟಕವೂ ಇದೆ.

ಇದೆಲ್ಲ ಒಂದೇ ದಿನದಲ್ಲಿ ಆದದ್ದಲ್ಲ. ಹಳೆಯ ಟೆರಿಯರ್ ಕ್ಷಿಪಣಿಯ ಮೇಲೆ ಇಂಥ ಗುದ್ದುವ ಯಂತ್ರ ಕೂರಿಸಿ ಅಮೆರಿಕ 1990ರ ದಶಕದಲ್ಲೇ ಪ್ರಯೋಗ ಮಾಡಿತ್ತು. ಆದರೆ ಸೋವಿಯತ್ ಒಕ್ಕೂಟದ ಜೊತೆಗಿನ 1972ರ ಒಪ್ಪಂದದ ಪ್ರಕಾರ ದೂರಗಾಮಿ ಕ್ಷಿಪಣಿ ತಡೆಯುವ ವ್ಯವಸ್ಥೆಯನ್ನು ಹಡಗಿನಲ್ಲಿ ಇಡುವಂತಿರಲಿಲ್ಲ. 2002ರಲ್ಲಿ ಅಮೆರಿಕ ಅದರಿಂದ ಹೊರಬಂತು. ಅದೇ ವರ್ಷ ಜನವರಿಯಲ್ಲಿ ‘ಲೇಕ್ ಈರಿ’ ಹಡಗಿನಿಂದ ಹೋದ ಎಸ್‌ಎಂ-3 ಮೊದಲ ಸಲ ಗುರಿಗೆ ಗುದ್ದಿತು. 2007ರ ಡಿಸೆಂಬರ್‌ನಲ್ಲಿ ಜಪಾನಿನ ‘ಕೊಂಗೊ’ ಹಡಗು ಕೂಡ ಈ ಕೆಲಸ ಮಾಡಿ ತೋರಿಸಿತು. 2008ರ ಫೆಬ್ರವರಿಯಲ್ಲಿ ಅದೇ ‘ಲೇಕ್ ಈರಿ’ ಕೆಟ್ಟುಹೋಗಿದ್ದ ಗೂಢಚಾರ ಉಪಗ್ರಹವೊಂದನ್ನು ಸುಮಾರು 247 ಕಿ.ಮೀ. ಎತ್ತರದಲ್ಲಿ ಒಡೆಯಿತು. ಅದಕ್ಕಾಗಿ ಸಾಫ್ಟ್‌ವೇರ್ ತಿದ್ದಬೇಕಾಯಿತು. ಉಪಗ್ರಹದ ದಾರಿ ಮೊದಲೇ ಗೊತ್ತಿರುತ್ತದೆ, ಶತ್ರುವಿನ ಕ್ಷಿಪಣಿ ಹಾಗೆ ಹೇಳಿ ಬರುವುದಿಲ್ಲ ಎನ್ನುವುದನ್ನು ಮಾತ್ರ ಮರೆಯಬಾರದು.

ಜಪಾನ್ ಜೊತೆ ಸೇರಿ ಮಾಡಿದ ಎಸ್‌ಎಂ-3ರ ಹೊಸ ಮಾದರಿ ಬ್ಲಾಕ್ 2ಎ ಇನ್ನೂ ದಪ್ಪ. ಹಳೆಯದರ ಮೇಲಿನ ಹಂತಗಳು ಸುಮಾರು 34 ಸೆಂ.ಮೀ. ಅಗಲ ಇದ್ದವು, ಇದು ಉದ್ದಕ್ಕೂ 53 ಸೆಂ.ಮೀ. ಇಂಧನ ಜಾಸ್ತಿ ಹಿಡಿಯುತ್ತದೆ, ವೇಗವೂ ಜಾಸ್ತಿ. 2020ರ ನವೆಂಬರ್‌ನಲ್ಲಿ ‘ಜಾನ್ ಫಿನ್’ ಹಡಗಿನಿಂದ ಹೋದ ಇದೇ ಮಾದರಿ ಖಂಡಾಂತರ ಕ್ಷಿಪಣಿಯಂಥ ಗುರಿಯನ್ನು ಒಡೆಯಿತು. ಭಾರತವೂ 2023ರ ಏಪ್ರಿಲ್ 21ರಂದು ಒಡಿಶಾ ಕರಾವಳಿಯಾಚೆ ಹಡಗಿನಿಂದ ಇಂಟರ್‌ಸೆಪ್ಟರಿನ ಮೊದಲ ಪರೀಕ್ಷೆ ಮಾಡಿದೆ. ಅದು ವಾತಾವರಣದೊಳಗೆ ತಡೆಯುವ ಬಗೆಯದು.

ಇಂಟರ್‌ಸೆಪ್ಟರ್ ಎಷ್ಟು ದೂರ ಹಾರಿದರೇನು, ಹಡಗಿಗೆ ಅಷ್ಟು ದೂರ ಕಾಣಬೇಕಲ್ಲ! ಭೂಮಿ ಗುಂಡಗಿದೆ. ಸಾವಿರ ಕಿ.ಮೀ. ಆಚೆಯ ಕ್ಷಿಪಣಿ ಸುಮಾರು 60 ಕಿ.ಮೀ. ಮೇಲೇರುವ ತನಕ ಹಡಗಿನ ರೇಡಾರಿಗೆ ಕಾಣುವುದೇ ಇಲ್ಲ. ಎಂಥ ಒಳ್ಳೆಯ ರೇಡಾರ್ ಇದ್ದರೂ ಅಷ್ಟೇ. ಅದಕ್ಕೇ ಬೇರೆಯವರ ಕಣ್ಣು ಎರವಲು ಪಡೆಯುತ್ತಾರೆ. 2013ರ ಫೆಬ್ರವರಿಯಲ್ಲಿ ‘ಲೇಕ್ ಈರಿ’ ಉಪಗ್ರಹಗಳು ಕೊಟ್ಟ ಮಾಹಿತಿಯ ಮೇಲೇ ಇಂಟರ್‌ಸೆಪ್ಟರ್ ಹಾರಿಸಿ ಗುರಿ ಮುಟ್ಟಿಸಿತು. ನನ್ನ ಪ್ರಕಾರ ಉಪಗ್ರಹ ಒಡೆದದ್ದಕ್ಕಿಂತ ದೊಡ್ಡ ಸಾಧನೆ ಇದು. ಪೇಪರಿನಲ್ಲಿ ಅಷ್ಟು ಸುದ್ದಿಯಾಗಲಿಲ್ಲ, ಬಿಡಿ. ಆದರೆ ಕಣ್ಣು ಎರವಲು ತಂದಷ್ಟೂ ನಡುವೆ ಮಾಹಿತಿ ದಾಟುವ ಕೈಗಳು ಹೆಚ್ಚುತ್ತವೆ. 2017ರ ಆ ನಾವಿಕ ಕೂತಿದ್ದದ್ದು ಅಂಥದ್ದೇ ಜಾಗದಲ್ಲಿ.

ಇನ್ನು ಗೂಡುಗಳ ಲೆಕ್ಕ. ಆರ್ಲೀ ಬರ್ಕ್ ವರ್ಗದ ಡೆಸ್ಟ್ರಾಯರಿನಲ್ಲಿ 90 ಅಥವಾ 96 ಗೂಡು. ಕೇಳಲು ಬಹಳ. ಆದರೆ ನೆಲದ ಮೇಲೆ ದಾಳಿ ಮಾಡುವ ಟೊಮಾಹಾಕ್, ವಿಮಾನ ಹೊಡೆಯುವ ಕ್ಷಿಪಣಿ, ಜಲಾಂತರ್ಗಾಮಿಗೆ ಬಿಡುವ ರಾಕೆಟ್, ಎಲ್ಲಕ್ಕೂ ಜಾಗ ಅಲ್ಲೇ. ಎಸ್‌ಎಂ-3 ಪಾಲಿಗೆ ಬರುವುದು ಉಳಿದಷ್ಟು. ಬೆಲೆಯೂ ಕಡಿಮೆಯಲ್ಲ, ಒಂದಕ್ಕೆ ಒಂದು ಕೋಟಿ ಡಾಲರ್‌ ಹತ್ತಿರ, 2ಎ ಆದರೆ ಎರಡು ಕೋಟಿಗೂ ಮೇಲೆ. 2024ರ ಏಪ್ರಿಲ್‌ನಲ್ಲಿ ಇರಾನ್ ಇಸ್ರೇಲ್ ಮೇಲೆ ಕ್ಷಿಪಣಿ ಬಿಟ್ಟಾಗ ‘ಆರ್ಲೀ ಬರ್ಕ್’ ಮತ್ತು ‘ಕಾರ್ನಿ’ ಹಡಗುಗಳು ಎಸ್‌ಎಂ-3 ಹಾರಿಸಿದವು. ನಿಜವಾದ ಯುದ್ಧದಲ್ಲಿ ಅದು ಮೊದಲ ಬಳಕೆ. ಅಕ್ಟೋಬರ್‌ 1ರ ದಾಳಿಯಲ್ಲಿ ‘ಕೋಲ್’ ಮತ್ತು ‘ಬಲ್ಕ್ಲಿ’ ಸೇರಿ ಸುಮಾರು ಒಂದು ಡಜನ್ ಇಂಟರ್‌ಸೆಪ್ಟರ್ ಬಿಟ್ಟವು.

ಗೂಡು ಖಾಲಿಯಾದರೆ ಹಡಗು ಬಂದರಿಗೋ ಶಾಂತವಾದ ನೀರಿಗೋ ವಾಪಸ್ ಹೋಗಬೇಕು. ಅಷ್ಟು ಉದ್ದದ ಕ್ಷಿಪಣಿಯನ್ನು ಓಲಾಡುವ ಡೆಕ್ ಮೇಲೆ ನೆಟ್ಟಗೆ ನಿಲ್ಲಿಸಿ, ಕಿರಿದಾದ ಬಾಯಿಯೊಳಗೆ ಇಳಿಸುವುದು ಆಟವಲ್ಲ. 2024ರ ಅಕ್ಟೋಬರ್‌ನಲ್ಲೇ ಸ್ಯಾನ್ ಡಿಯೇಗೊ ಆಚೆ ನಡುಸಮುದ್ರದಲ್ಲಿ, ‘ಚೋಸಿನ್’ ಎಂಬ ಕ್ರೂಸರಿನ ನಾವಿಕರು ಹೊಸ ಯಂತ್ರವೊಂದನ್ನು ಬಳಸಿ ಇದನ್ನು ಮಾಡಿ ತೋರಿಸಿದರು. ಅವತ್ತು ಅವರು ಗೂಡಿಗೆ ಇಳಿಸಿದ್ದು ಕ್ಷಿಪಣಿ ಇಡುವ ಒಂದೇ ಡಬ್ಬ. ಅದೂ ಖಾಲಿ ಡಬ್ಬ.