ಪಾದದ ಹೆಚ್ಚುವರಿ ಮೂಳೆಗೆ ಶಸ್ತ್ರಚಿಕಿತ್ಸೆ ಯಾವಾಗ?

ಶಾಲೆ ಆರಂಭವಾಗಿ ಹೊಸ ಶೂ ಕಾಲಿಗೇರಿದ ಮೇಲೆ ಪಾದದ ಒಳಬದಿ ನೋಯುತ್ತದೆಂದು ಮಕ್ಕಳನ್ನು ಕರೆತರುವ ಹೆತ್ತವರು ಮಂಗಳೂರಿನಲ್ಲಿ ಕಡಿಮೆಯಿಲ್ಲ. ಎಕ್ಸ್‌ರೇಯಲ್ಲಿ ಬೇರೆಯಾಗಿ ನಿಂತ ಸಣ್ಣ ತುಂಡೊಂದು ಕಂಡೊಡನೆ ಮೂಳೆ ಮುರಿದಿದೆಯೆಂದು ಅವರು ಗಾಬರಿಯಾಗುತ್ತಾರೆ. ಆದರೆ ಹೊಸದಾಗಿ ಮುರಿದ ತುಂಡಿನ ಅಂಚು ಒರಟಾಗಿರುತ್ತದೆ. ಇದರ ಅಂಚು ನಯವಾಗಿ ದುಂಡಗಿರುತ್ತದೆ, ನೋವಿಲ್ಲದ ಇನ್ನೊಂದು ಪಾದದಲ್ಲೂ ಹಲವು ಬಾರಿ ಇಂಥದ್ದೇ ಕಾಣುತ್ತದೆ. ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಈ ಹೆಚ್ಚುವರಿ ನ್ಯಾವಿಕ್ಯುಲರ್ ಮೂಳೆ ಬಹುತೇಕರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ತೊಂದರೆ ಹುಟ್ಟುವುದು ಹೆಚ್ಚಾಗಿ ಅದು ಪಾದದ ಒಳಬದಿಯಲ್ಲಿರುವ ಮುಖ್ಯ ನ್ಯಾವಿಕ್ಯುಲರ್ ಮೂಳೆಗೆ ಮೃದ್ವಸ್ಥಿಯ ತೆಳುವಾದ ಪದರದಿಂದ ಅಂಟಿಕೊಂಡಿರುವಾಗ. ಪಾದದ ಕಮಾನನ್ನು ಎತ್ತಿ ಹಿಡಿಯುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜು ಅಲ್ಲಿಯೇ ಬಂದು ಸೇರುವುದರಿಂದ, ತೆಂಕುತಿಟ್ಟು ಯಕ್ಷಗಾನದ ದಿಗಿಣ (ಹಾರಿ ಸುತ್ತುವ ಕುಣಿತ) ಕಲಿಯುವ ಹುಡುಗನ ಪ್ರತಿಯೊಂದು ಜಿಗಿತಕ್ಕೂ ಆ ಪದರದ ಮೇಲೆ ಎಳೆತ ಬೀಳುತ್ತದೆ. ಉಬ್ಬಿದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದೇ ನೋವು ಮರುಕಳಿಸಬೇಕು, ಒಂಟಿಗಾಲಿನಲ್ಲಿ ತುದಿಬೆರಳ ಮೇಲೆ ನಿಲ್ಲುವಾಗಲೂ ನೋಯಬೇಕು. ಇವೆರಡೂ ಇಲ್ಲದಿದ್ದರೆ ಎಕ್ಸ್‌ರೇ ಏನೇ ತೋರಿಸಿದರೂ ನಾನು ಆ ಮೂಳೆಯನ್ನು ದೂರುವುದಿಲ್ಲ. ಸಂಶಯ ಉಳಿದರೆ ಎಂಆರ್‌ಐ ನೆರವಾಗುತ್ತದೆ.

ಹೆಚ್ಚಿನವರಿಗೆ ಆಟದಿಂದ ಬಿಡುವು, ಅಗಲವಾದ ಶೂ, ಕಮಾನಿಗೆ ಆಧಾರ ಕೊಡುವ ಒಳಪದರ, ಬೇಕಾದರೆ ಕೆಲವು ವಾರ ಪ್ಲಾಸ್ಟರ್ ಸಾಕಾಗುತ್ತದೆ. "ಹೇಗೂ ಹೆಚ್ಚಿನ ಮೂಳೆಯಲ್ಲವೇ, ತೆಗೆದುಬಿಡಿ ಡಾಕ್ಟ್ರೇ" ಎನ್ನುವವರಿದ್ದಾರೆ; ಆದರೆ ಹಲವು ತಿಂಗಳು ಇವನ್ನೆಲ್ಲ ಸರಿಯಾಗಿ ಪಾಲಿಸಿಯೂ ನೋವು ಬಿಡದಿದ್ದಾಗ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿ ಮೂಳೆ ತೆಗೆಯುವುದಕ್ಕಿಂತ ಸ್ನಾಯುರಜ್ಜನ್ನು ಕಾಪಾಡುವುದೇ ಸೂಕ್ಷ್ಮ ಕೆಲಸ. ತುಂಡನ್ನು ರಜ್ಜಿನಿಂದ ಜೋಪಾನವಾಗಿ ಬಿಡಿಸಿ, ಉಳಿದ ಉಬ್ಬನ್ನು ಸಮಗೊಳಿಸಿ, ರಜ್ಜು ಸಡಿಲವಾಗಿದ್ದರೆ ಅದನ್ನು ಮುಖ್ಯ ಮೂಳೆಗೆ ಬಿಗಿಯಾಗಿ ಹೊಲಿಯುತ್ತೇವೆ. ತುಂಡು ದೊಡ್ಡದಿದ್ದರೆ ಸ್ಕ್ರೂ ಹಾಕಿ ಎರಡನ್ನೂ ಬೆಸೆಯುವುದೂ ಉಂಟು. 1929ರಲ್ಲಿ ಇಂಥ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ ಅಮೆರಿಕದ ಮೂಳೆ ಶಸ್ತ್ರವೈದ್ಯ ಕಿಡ್ನರ್, ರಜ್ಜಿನ ದಾರಿ ಬದಲಿಸಿದರೆ ಚಪ್ಪಟೆ ಪಾದವೂ ಸರಿಹೋದೀತೆಂದು ಭಾವಿಸಿದ್ದರು. ಆ ಭರವಸೆಯನ್ನು ಈಗ ಕೊಡಲಾಗದು, ಕಮಾನಿನ ದೋಷಕ್ಕೆ ಬೇರೆ ಚಿಕಿತ್ಸೆ ಬೇಕಾದೀತು.

ರಜ್ಜನ್ನು ಮರುಜೋಡಿಸಿದ ಬಳಿಕ ಸಾಮಾನ್ಯವಾಗಿ 4ರಿಂದ 6 ವಾರ ಕಾಲೂರುವಂತಿಲ್ಲ. ಆಮೇಲೆ ಫಿಸಿಯೋಥೆರಪಿ, ಕುಣಿತ ಅಥವಾ ಆಟಕ್ಕೆ ಮರಳಲು 3ರಿಂದ 6 ತಿಂಗಳು. ಮೇ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ಮಳೆಗಾಲಕ್ಕೆ ತಿರುಗಾಟ ನಿಲ್ಲಿಸುವ ಯಕ್ಷಗಾನ ಮೇಳದ ಕಲಾವಿದರಿಗೆ ಈ ಲೆಕ್ಕ ಅನುಕೂಲವೇ, ಮಳೆಗಾಲದಲ್ಲಿ ಪ್ಲಾಸ್ಟರ್ ಒದ್ದೆಯಾಗದಂತೆ ನೋಡಿಕೊಳ್ಳುವ ಕಷ್ಟವೊಂದನ್ನು ಬಿಟ್ಟರೆ.